ಹರಿಯದ ಎಲೆ

೪ ಆಗಸ್ಟ್ ೧೯೬೨, ಶನಿವಾರ. ನರಿಮೊಗರು.

ಇವತ್ತು ಮತ್ತೆ ಕಲ್ಲುಬಾಳೆಯ ಎಲೆ ಕಡಿದುಕೊಟ್ಟೆ. ಕೈಗೆ ಹತ್ತಿದ ಸೊನೆಯ ಕರೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಬೆಳಿಗ್ಗೆ ಆಚೆಮನೆಯ ಕಾಂತಪ್ಪ ಅಂಗಳದಲ್ಲಿ ಬಂದು ನಿಂತಿದ್ದ. ಅವನ ತಾಯಿ ತೀರಿಹೋಗಿದ್ದರು. "ನಮ್ಮ ಬಾಳೆ ಎಲ್ಲ ಗಾಳಿಗೆ ಹರಿದು ಚಿಂದಿ ಆಗಿ ಉಂಟು. ಅಮ್ಮನನ್ನು ಮಲಗಿಸ್ಲಿಕ್ಕೆ ಒಂದು ಇಡೀ ಎಲೆ ಬೇಕಿತ್ತು, ಮಾರಾಯ್ರೆ."

ಇಲ್ಲ ಅನ್ನುವುದು ಹೇಗೆ? ಈ ಆಟಿ ತಿಂಗಳ ಮಳೆಗಾಳಿಯಲ್ಲಿ ಹರಿಯದ ಎಲೆ ಇರುವುದು ನನ್ನಲ್ಲಿ ಮಾತ್ರ. ಸುತ್ತ ಗೋಣಿ ಕಟ್ಟಿ ಕಾಪಾಡಿದ್ದೂ ನಾನೇ. ಹಾಸಿಗೆ ಹಿಡಿದ ಹೆಂಡತಿ ಅಮ್ಮುವಿಗೆ ಕಿಟಕಿಯಿಂದ ನೋಡಲು ಏನಾದರೂ ದೊಡ್ಡದು, ಹಸಿರಾದದ್ದು ಇರಲಿ ಎಂದು ಗುಡ್ಡೆಯಿಂದ ಕಿತ್ತು ತಂದು ನೆಟ್ಟ ಕಾಡುಬಾಳೆ ಅದು. ಚಂದಕ್ಕೆ ಬಾಳೆ ನೆಡುವ ಮರುಳ ಎಂದು ಅಂದು ನಕ್ಕವರೇ ಈಗ ಸಾವಾದಾಗ ಮೊದಲು ಇಲ್ಲಿಗೆ ಬರುತ್ತಾರೆ.

ಸಂಜೆ ಗಂಜಿ ಕುಡಿಸುವಾಗ ನನ್ನ ಅಮ್ಮು ಕಿಟಕಿಯನ್ನೇ ನೋಡುತ್ತಿದ್ದಳು.

"ನಡುವಿನ ಸುಳಿ ಬಿಚ್ಚುತ್ತಾ ಉಂಟು. ಆ ಎಲೆ ಯಾರಿಗೂ ಕೊಡ್ಬೇಡಿ."

"ಕೊಡುದಿಲ್ಲ. ಅದು ನಿನಗೆ ನೋಡ್ಲಿಕ್ಕೆ."

"ನೋಡ್ಲಿಕ್ಕೆ ಅಲ್ಲ," ಅಂದಳು. ಆಮೇಲೆ ಗಂಜಿ ಸಾಕೆಂದು ಮುಖ ತಿರುಗಿಸಿದಳು.

ಈಗ ಗಾಳಿ ಎದ್ದಿದೆ. ಹಗ್ಗ ಬಿಚ್ಚಿಹೋದ ಗೋಣಿ ಗೋಡೆಗೆ ಬಡಿಯುವ ಸದ್ದು ಇಲ್ಲಿಗೇ ಕೇಳುತ್ತಿದೆ. ಎದ್ದು ಹೋಗಿ ಕಟ್ಟಬೇಕು. ಕಟ್ಟುವುದಿಲ್ಲ. ಹರಿಯಲಿ. ಆ ಹೊಸ ಎಲೆ ನೂಲು ನೂಲಾಗಿ ಹರಿದುಹೋಗಲಿ, ಅದರ ಮೇಲೆ ಅವಳನ್ನು ಮಲಗಿಸಲಾಗದ ಹಾಗೆ