ಸಂಜೆ ಬಿಸಿಲಿನ ಉತ್ತರವನ್ನು ಅಳಿಸಬೇಡಿ

ಮಾನ್ಯ ಜಾಲತಾಣಾಧಿಕಾರಿಗಳೇ,

ಪ್ರವಾಸಿ ಗೈಡ್‌ಗಳ ಹಳೆಯ ಇ-ಮೇಲ್ ಚರ್ಚಾಗುಂಪನ್ನು ಈ ತಿಂಗಳ ಕೊನೆಗೆ ಮುಚ್ಚಿ, ಅಲ್ಲಿರುವ ಐದು ವರ್ಷದ ಪತ್ರಗಳನ್ನೆಲ್ಲ ಅಳಿಸುತ್ತೀರಂತೆ. ಕಾರಣ, ಅದು ಹಳೆಯದು. ಹಳೆಯದನ್ನು ತೋರಿಸಿಯೇ ಹೊಟ್ಟೆ ಹೊರೆಯುವ ಹಳೇಬೀಡಿನ ಗೈಡಿಗೆ ಈ ಕಾರಣ ಹೇಳುವಾಗ ನಿಮಗೆ ನಗು ಬರಲಿಲ್ಲವೇ?

ಮೊದಲೇ ಒಪ್ಪಿಕೊಳ್ಳುತ್ತೇನೆ, ನನಗೆ ಹೊಟ್ಟೆಕಿಚ್ಚಿದೆ. ನಿಮ್ಮ ಹೊಸ ತಾಣದ ಮೊದಲ ಪುಟದಲ್ಲಿ ಬೇಲೂರಿನ ಹಿರಿಯ ಗೈಡ್ ಕರಿಬಸವಯ್ಯನವರು ಶಾಲು ಹೊದ್ದು ನಗುತ್ತಿದ್ದಾರೆ. ಹೆಸರಿನ ಮುಂದೆ ಐದು ನಕ್ಷತ್ರ. ನನ್ನ ಹೆಸರಿನ ಮುಂದೆ ಒಂದೂ ಇಲ್ಲ. ಆ ಫೋಟೋ ಕಂಡಾಗಲೆಲ್ಲ ಸೈಬರ್ ಕೆಫೆಯ ಕುರ್ಚಿಯಲ್ಲೇ ಮೈ ಉರಿಯುತ್ತದೆ. ಹಳೆಯ ಗುಂಪಿನಲ್ಲಿ ಫೋಟೋ ಇರಲಿಲ್ಲ, ಶಾಲೂ ಇರಲಿಲ್ಲ. ಎದುರಿನವರ ಮಾತನ್ನು ಮೇಲೆ ಹಾಗೇ ನಕಲಿಸಿ, ಅದರ ಕೆಳಗೇ ಉತ್ತರ ಬರೆಯುವುದು ಅಲ್ಲಿಯ ಪದ್ಧತಿ. ಹೊಟ್ಟೆಕಿಚ್ಚಿನವನೂ ಇನ್ನೊಬ್ಬರ ಮಾತನ್ನು ಪೂರ್ತಿ ಓದಲೇಬೇಕಿತ್ತು.

ನಾಲ್ಕು ವರ್ಷದ ಹಿಂದೆ, ಯಾವ ಊರನ್ನು ಯಾವ ಹೊತ್ತಿನಲ್ಲಿ ನೋಡಬೇಕೆಂದು ಪ್ರವಾಸಿಯೊಬ್ಬರು ಗುಂಪಿನಲ್ಲಿ ಕೇಳಿದಾಗ ಕರಿಬಸವಯ್ಯನವರು ‘ಬೆಳಿಗ್ಗೆ ಹಳೇಬೀಡು, ಸಂಜೆ ಬೇಲೂರು’ ಎಂದು ಬರೆದರು. ನಾನು ಬಿಡುತ್ತೇನೆಯೇ? ನಮ್ಮ ದೇವಸ್ಥಾನದ ಶಿಲ್ಪ ತುಂಬಿದ ಹಿಂದಿನ ಗೋಡೆ ಪಶ್ಚಿಮಕ್ಕಿದೆ, ಅದಕ್ಕೆ ಬಿಸಿಲು ಬೀಳುವುದೇ ಮಧ್ಯಾಹ್ನದ ಮೇಲೆ, ಜನರನ್ನು ಸಂಜೆ ಕಳಿಸಿ ಎಂದು ಕೆಳಗೆ ಬರೆದೆ. ಅವರು ಮೂರು ಸಂಜೆ ಬಸ್ಸು ಹತ್ತಿ ಬಂದು ನೋಡಿ, ಅದರ ಕೆಳಗೆ ‘ದೇವರಾಜ್ ಹೇಳಿದ್ದೇ ಸರಿ’ ಎಂದು ಬರೆದರು. ನನ್ನ ಬದುಕಿನಲ್ಲಿ ಬೇಲೂರು ನನಗೆ ಸೋತದ್ದು ಅದೊಂದೇ ಸಲ.

ನಿಮ್ಮವರು ಹೊಸ ತಾಣಕ್ಕೆ ಕರಿಬಸವಯ್ಯನವರ ಆ ಮೊದಲ ಸಾಲನ್ನಷ್ಟೇ ಎತ್ತಿ ಹಾಕಿದ್ದಾರೆ. ಈಗ ಬಸ್ಸುಗಳು ಬೆಳಿಗ್ಗೆ ಒಂಬತ್ತಕ್ಕೇ ಬರುತ್ತವೆ. ಜನ ನೆರಳಿನಲ್ಲಿರುವ ಗೋಡೆ ನೋಡಿ, “ಇಷ್ಟೇನಾ?” ಎಂದು ಬೇಲೂರಿಗೆ ಹೊರಟುಬಿಡುತ್ತಾರೆ. ಇದಕ್ಕೆ ಅಭಿವೃದ್ಧಿ ಎನ್ನುತ್ತೀರಾ?

ಜಗಳ ಆಡಲೆಂದೇ ಕರಿಬಸವಯ್ಯನವರಿಗೆ ಫೋನ್ ಮಾಡಿದೆ. “ಹೊಸ ತಾಣದಾಗೆ ಆ ಸಾಲು ನಾನೂ ತಿದ್ದೋಕೆ ನೋಡ್ದೆ ಕಣ್ರೀ, ಆಗ್ತಿಲ್ಲ. ಹಳೇ ಗುಂಪ್ನಾಗೆ ನಾನು ತಪ್ಪು ಒಪ್ಕೊಂಡಿರೋ ಕಾಗ್ದ ಐತಲ್ಲ, ಅದನ್ನೇ ಎಲ್ರಿಗೂ ತೋರ್ಸಿ” ಎಂದರು. ಐದು ನಕ್ಷತ್ರದ ಜೊತೆಗೆ ಈ ದೊಡ್ಡತನವೂ ಅವರಿಗೇ ಸಿಗಬೇಕೇ?

ಆದ್ದರಿಂದ ಗುಂಪನ್ನು ಮುಚ್ಚಬೇಡಿ. ಪತ್ರಗಳನ್ನು ಇದ್ದ ಹಾಗೇ, ಒಂದರ ಕೆಳಗೊಂದು ಉಳಿಸಿ. ನಕ್ಷತ್ರಗಳನ್ನು ಅವರೇ ಇಟ್ಟುಕೊಳ್ಳಲಿ. ಅವರ ತಪ್ಪಿನ ಕೆಳಗೆ ನನ್ನ ಉತ್ತರ, ನನ್ನ ಉತ್ತರದ ಕೆಳಗೆ ಅವರ ಒಪ್ಪಿಗೆ ಇರಲಿ. ಅದನ್ನು ಅಳಿಸಿದ ಮೇಲೆ, ಸಂಜೆ ಬನ್ನಿ ಎಂದು ನಾನು ಎಷ್ಟು ಕೂಗಿದರೂ ನಂಬುವವರು ಯಾರು? ಬೇಲೂರಿನ ಮೇಲಿನ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಎನ್ನುತ್ತಾರೆ. ಅದೂ ಸುಳ್ಳಲ್ಲವಲ್ಲ!

ಇಂತಿ,
ಬೆಳಿಗ್ಗೆ ಒಂಬತ್ತಕ್ಕೆ ನೆರಳಿನ ಗೋಡೆ ತೋರಿಸುತ್ತ ನಿಂತಿರುವ
ದೇವರಾಜ್, ಗೈಡ್, ಹಳೇಬೀಡು
ಸೆಪ್ಟೆಂಬರ್ ೨೦೦೪