ಅದೇ ಕಲ್ಲು, ಸುಟ್ಟಿದೆ ಅಷ್ಟೆ

ಅವ್ವಾ,

ಚಿಂಚೋಳಿ ಕಡೆಯ ಖಣಿಯಲ್ಲಿ ನೀನು ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುತ್ತಿದ್ದ ದಿನಗಳು ನೆನಪಾಗುತ್ತಿವೆ. ತಳದ ಆ ಒಂದು ಪದರು ಬಂತೆಂದರೆ ನೀನು ಉಳಿಯನ್ನು ಪಕ್ಕಕ್ಕಿಟ್ಟುಬಿಡುತ್ತಿದ್ದೆ. ಅದು ಹಲಗೆಯಾಗಿ ಏಳುತ್ತಿರಲಿಲ್ಲ, ಚೂರುಚೂರಾಗುತ್ತಿತ್ತು. "ಸುಟ್ಟ ಕಲ್ಲದು, ಬಿಡು" ಅನ್ನುವುದು ನಿನ್ನ ಮಾತು. ಕಲ್ಲನ್ನು ಸುಟ್ಟವರು ಯಾರು ಅಂತ ನಾನು ಆಗ ಕೇಳಲೇ ಇಲ್ಲ.

ಭೂವಿಜ್ಞಾನ ಓದಿ, ನೌಕರಿ ಹಿಡಿದು, ಅದೇ ಖಣಿಗೆ ನಕ್ಷೆ ಮಾಡಲು ಬಂದ ದಿನ ನನಗೆ ಎಷ್ಟು ಸೊಕ್ಕಿತ್ತು! ತಳದ ಪದರಿನ ಹರಳೇ ಬೇರೆ, ಹಾಗಾಗಿ ಇದು ಫರಸಿಗಿಂತ ಹಳೆಯ, ಬೇರೆ ಗುಂಪಿನ ಕಲ್ಲು ಎಂದು ಬರೆದುಕೊಂಡೆ. ನೀನು ಬುತ್ತಿ ಬಿಚ್ಚುತ್ತ ನಕ್ಕೆ.

"ಬ್ಯಾರೆ ಅಲ್ಲ ಖೋಡಿ, ಅದೇ ಕಲ್ಲದು. ಸುಟ್ಟದ ಅಷ್ಟೆ. ರೊಟ್ಟಿ ಕರಕಾದ್ರ ಅದು ಬ್ಯಾರೆ ಜ್ವಾಳದ್ದೇನು?"

"ನಿಂಗ ತಿಳಿಯಂಗಿಲ್ಲ, ಸುಮ್ಕಿರವ್ವ" ಅಂದೆ. ಜೊತೆಯ ಹೆಂಗಸರೆಲ್ಲ ಕೇಳಿಸಿಕೊಂಡರು. ನೀನು ಮತ್ತೆ ಆ ಮಾತು ಎತ್ತಲಿಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ನೀನು ತೀರಿಹೋದ ಮೇಲೆ ಖಣಿಯನ್ನು ಇನ್ನಷ್ಟು ಆಳ ತೋಡಿದರು. ಹೋದ ತಿಂಗಳು ಇಳಿದು ನೋಡಿದರೆ, ಆ ಪದರಿನ ಕೆಳಗೇ ಕಪ್ಪು ಕಲ್ಲು! ಭೂಮಿಯ ಒಡಲಿನ ಶಿಲಾರಸ, ಫರಸಿಯಾಗಿ ಎಷ್ಟೋ ಕಾಲದ ಮೇಲೆ, ಪದರುಗಳ ನಡುವೆ ನುಗ್ಗಿ, ಹರಡಿ, ಅಲ್ಲೇ ಆರಿದ್ದು. ಅಲ್ಲಿಂದ ಮೇಲಕ್ಕೆ ಗೇಣು ಗೇಣಿಗೂ ಚೂರು ಒಡೆದು ನೋಡಿದೆ. ಹತ್ತಿರದ್ದು ಅದರ ಕಾವಿಗೆ ಬೆಂದು ಸಕ್ಕರೆಯಂತೆ ಹರಳುಗಟ್ಟಿದೆ. ಮೇಲೆ ಹೋದಂತೆ ಹರಳು ಸಣ್ಣದಾಗುತ್ತ ಕೊನೆಗೆ ನಮ್ಮ ಮನೆಯ ನೆಲದ ಫರಸಿಯೇ. ನಿನಗೆ ಹೇಗೆ ಗೊತ್ತಾಯಿತವ್ವಾ? ಕೈಗೆ ತಿಳಿಯಿತೇ, ಉಳಿಯ ಸದ್ದಿಗೆ ತಿಳಿಯಿತೇ? ಕಪ್ಪು ಕಲ್ಲನ್ನು ನೀನು ಕಂಡೇ ಇರಲಿಲ್ಲ, ಆದರೂ... ಈ ಬೆಂಕಿ ಆಚೆಯ ಐನಾಪುರದ ಕಲ್ಲಿನವರೆಗೂ ಹೋಗಿದೆಯೋ ಏನೋ, ಅದನ್ನೂ ನೋಡಬೇಕು.

ಆ ಪದರನ್ನು ಬೇರೆ ಗುಂಪಿನಿಂದ ತೆಗೆದು ಫರಸಿಯ ಜೊತೆಗೇ ಸೇರಿಸಬೇಕೆಂದು ನಿನ್ನೆ ಸಭೆಯಲ್ಲಿ ಹೇಳಿದೆ. ಮೊದಲ ನಕ್ಷೆ ಮಾಡಿದವಳೂ ನಾನೇ ತಾನೆ? ಹೆಸರು ಕೆಡುತ್ತದೆ, ಸುಮ್ಮನಿರಿ ಎಂದು ಜೊತೆಯವರು ಹೇಳಿದ್ದರು. ಆದರೂ ಒಡೆದ ಚೂರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಮ್ಮ ಸಾಹೇಬರು ಚೂರುಗಳನ್ನು ಬಹಳ ಹೊತ್ತು ನೋಡಿದರು.

"ಇದು ಸುಟ್ಟದ್ದಂತ ಮೊದಲ ಯಾರ್ ಗುರುತು ಹಿಡದ್ರಿ?"

"ನಮ್ಮವ್ವರಿ. ಖಣ್ಯಾಗ ಫರಸಿ ಸೀಳತಿದ್ದಳು. ನಾನೇ ಆಕಿ ಮಾತು ಕೇಳಲಿಲ್ರಿ."

ಯಾರೂ ನಗಲಿಲ್ಲ. ಸಾಹೇಬರು ವರದಿಯ ಮೊದಲ ಪುಟ ತಿರುಗಿಸಿ, ಪೆನ್ನು ತೆಗೆದು, "ಅವರ ಪೂರಾ ಹೆಸರು ಹೇಳ್ರಿ" ಅಂದರು. ನಿನ್ನ ಹೆಸರನ್ನು ಎರಡು ಸಲ ಹೇಳಿದೆ ಅವ್ವಾ, ಎರಡನೆಯ ಸಲ ಅಕ್ಷರ ಅಕ್ಷರ ಬಿಡಿಸಿ.