ಬೋಣಿಗೆ ಮುಂಚಿನ ಮಾತು

ಬಾಗಲಗುಂಟೆ
ಭಾನುವಾರ, ೬ ಜುಲೈ ೨೦೨೫

ನನ್ನಮ್ಮ ಸೊಣ್ಣಮ್ಮನಿಗೆ, ನಿನ್ನ ಮಗಳು ರಾಧಾಮಣಿ ಕೈಮುಗಿದು, ಒಂದು ಸುತ್ತು ಕುಣಿದು, ಮತ್ತೆ ಕೂತು ಬರೆಯುತ್ತಿರುವ ಕಾಗದ.

ಕುಣಿದೆ ಎಂದರೆ ನಿಜವಾಗಿಯೂ ಕುಣಿದೆನಮ್ಮ. ಮೊನ್ನೆ ಶುಕ್ರವಾರ ಸಂಜೆ, ಕೆಂಪಾಪುರದ ಗೋಡೌನಿನಲ್ಲಿ, ಕೈತುಂಬ ಹಲಸಿನ ಅಂಟು ಮೆತ್ತಿಕೊಂಡು, ನಮ್ಮ ಆಫೀಸಿನ ಚನ್ನಕೇಶವ ಸಾರ್ ಎದುರಿಗೇ ಕುಣಿದುಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ನೋಡಿದರು.

ಒಂದೇ ಊರಿನೊಳಗೆ, ಬಾಗಲಗುಂಟೆಯಿಂದ ಬ್ಯಾಟರಾಯನಪುರಕ್ಕೆ ಕಾಗದ ಬರೆಯುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನ್ ಮಾಡಿದರೆ ಸರ್ವಿಸ್ ರಸ್ತೆಯ ಹಾರನ್ ಸದ್ದಿನಲ್ಲಿ ನನ್ನ ಅರ್ಧ ಮಾತು ನಿನಗೆ ಕೇಳುವುದಿಲ್ಲ, ಕೇಳಿದ ಅರ್ಧಕ್ಕೆ "ಆಯ್ತು ಮಡುಗು, ಗಿರಾಕಿ ಬಂದ್ರು" ಅನ್ನುತ್ತೀಯ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ಧೈರ್ಯ ಸಾಲದು. ಕಾಗದವಾದರೆ ನೀನು ಬಿಡುವುದಿಲ್ಲ. ಏಳನೇ ಕ್ಲಾಸು ಓದಿದ ನನ್ನಮ್ಮ ಹಣ್ಣು ಸುತ್ತುವ ಹಳೇ ಪೇಪರನ್ನೂ ಓದಿಯೇ ಸುತ್ತುವವಳಲ್ಲವೇ?

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬುಧವಾರ ಹನ್ನೊಂದು ಗಂಟೆಗೆ ನೀನು ಯಲಹಂಕದಲ್ಲಿರುವ ನಮ್ಮ ವಿಶ್ವವಿದ್ಯಾಲಯಕ್ಕೆ ಬರಬೇಕು. ಅಲ್ಲಿ ಒಂದು ಒಪ್ಪಂದಕ್ಕೆ ಸಹಿಯಾಗಲಿದೆ, ಅದರಲ್ಲಿ ನಿನ್ನ ಸಹಿಯೂ ಇರಬೇಕು. ನಮ್ಮ ಸಂಶೋಧಕಿ ಆಶಾರಾಣಿ ನಿನ್ನೆ ಬಂದು ಕರೆದಾಗ "ಆ ಆಫೀಸಿಗೆ ನಾನ್ ಬರಾಕಿಲ್ಲ ಕಣಮ್ಮ, ಕಾಗ್ದ ಇಲ್ಲಿಗೇ ತಗೊಂಬಾ, ಸಯಿನ್ ಆಕ್ಕೊಡ್ತೀನಿ" ಎಂದೆಯಂತೆ. ಯಾಕೆ ಹಾಗೆಂದೆ ಎಂದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಅದಕ್ಕೇ ಈ ಕಾಗದ.

ನನ್ನ ಕೆಲಸ ಏನೆಂದು ನೀನು ಎಷ್ಟು ಸಲ ಕೇಳಿದ್ದೀಯೋ, ನಾನು ಅಷ್ಟೇ ಸಲ "ಆಫೀಸ್ ಕೆಲಸ" ಎಂದು ಹಾರಿಸಿದ್ದೇನೆ. ಈಗ ಕೇಳು, ನನ್ನದು ಮದುವೆ ದಲ್ಲಾಳಿ ಕೆಲಸ. ವಿಶ್ವವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಹೊಸ ಹೊಸ ವಿದ್ಯೆ ಕಲಿಸುತ್ತಾರೆ. ಏನನ್ನು ನೋಡಬೇಕು, ಯಾವುದಾದ ಮೇಲೆ ಯಾವುದು ಮಾಡಬೇಕು ಎಂದು ಹಂತ ಹಂತವಾಗಿ ಬರೆದಿಡುವುದಕ್ಕೆ ಅಲ್ಗಾರಿದಮ್ ಎಂದು ಹೆಸರು. ಬರೆದವರು ಅದನ್ನು ಹೆತ್ತ ಮಗಳ ಹಾಗೆ ಮನೆಯಲ್ಲೇ ಇಟ್ಟುಕೊಂಡು ಕೂತಿರುತ್ತಾರೆ. ನಾವು ಹೋಗಿ, ಮಗಳನ್ನು ಎಷ್ಟು ದಿನ ಹೀಗೇ ಇಟ್ಟುಕೊಳ್ಳುತ್ತೀರಿ ಎಂದು ಕೇಳಿ, ಅದು ಬೇಕಾದ ಕಂಪನಿಯನ್ನು ಹುಡುಕಿ, ಎರಡೂ ಕಡೆಯವರಿಗೆ ಮೋಸವಾಗದಂತೆ ಒಪ್ಪಂದ ಬರೆಸುತ್ತೇವೆ. ಬೇರೆ ಕಡೆಯ ಸಂಶೋಧಕರು ಬಳಸುವುದಾದರೆ ಪುಕ್ಕಟೆ ಹಂಚುತ್ತೇವೆ.

ಆಶಾರಾಣಿ ಸಾಕಿದ ಮಗಳು ಯಾವುದೆಂದು ನಿನಗೆ ಗೊತ್ತು. ಹಲಸಿನ ಹಣ್ಣನ್ನು ತಟ್ಟಿದರೆ, ಆ ಸದ್ದು ಕೇಳಿ, ಒಳಗೆ ಹಣ್ಣೋ ಕಾಯಿಯೋ ಎಂದು ಫೋನ್ ಹೇಳಬೇಕು. ಅದಕ್ಕೆ ಗುರು ಬೇಕಲ್ಲ? ಹೋದ ವರ್ಷ ಹೆಬ್ಬಾಳದಿಂದ ಯಲಹಂಕದವರೆಗೆ ರಸ್ತೆ ಬದಿಯ ಅಂಗಡಿಗಳನ್ನೆಲ್ಲ ಸುತ್ತಿ, ಅವರವರು ಹಣ್ಣು ಎಂದದ್ದನ್ನೆಲ್ಲ ಕೊಯ್ಯಿಸಿ ನೋಡಿ, ಕೊನೆಗೆ ಅವಳು ಬಂದು ನಿಂತದ್ದು ನಿನ್ನ ತಳ್ಳುಗಾಡಿಯ ಮುಂದೆ. ಅದಕ್ಕೂ ನನಗೂ ಸಂಬಂಧವಿಲ್ಲ. ನಲವತ್ತೊಂದು ದಿನ ಬೆಳಿಗ್ಗೆ ಏಳಕ್ಕೆ ಬಂದು ಒಂದೂವರೆ ಗಂಟೆ ನಿಲ್ಲುತ್ತಿದ್ದಳು. ನೀನು ಗೆಣ್ಣಿನಿಂದ ತಟ್ಟುತ್ತಿದ್ದೆ, "ಅಣ್ಣು" ಅಂತಲೋ "ಕಾಯಿ" ಅಂತಲೋ ಹೇಳುತ್ತಿದ್ದೆ, ಅವಳ ಫೋನ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಅವಳ ಕಡತ ನನ್ನ ಮೇಜಿಗೆ ಬಂದ ದಿನ ತೆರೆದು ನೋಡಿದರೆ ನಿನ್ನ ಫೋಟೋ! ಕೆಳಗೆ ಹೆಸರಿಲ್ಲ, "ವ್ಯಾಪಾರಿ ೧" ಎಂದು ಬರೆದಿತ್ತು. ಇವರು ನನ್ನಮ್ಮ ಎಂದು ನಾನು ಆಗಲೇ ಹೇಳಬೇಕಿತ್ತು. ಆಫೀಸಿನ ನಿಯಮವೂ ಹಾಗೆಯೇ ಇದೆ. ಹೇಳಲಿಲ್ಲ. ಅಮ್ಮ ಏನು ಮಾಡುತ್ತಾರೆ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಮನೆಯಲ್ಲೇ ಇರ್ತಾರೆ" ಎಂದು ಹೇಳಿಕೊಂಡು ಬಂದವಳು ನಾನು. ಒಂದು ಸುಳ್ಳಿಗೆ ಎಷ್ಟು ವರ್ಷ ನೀರು ಹೊಯ್ದಿದ್ದೇನೆ ನೋಡು.

ಇರಲಿ, ಗೋಡೌನಿಗೆ ಬರೋಣ. ಕಂಪನಿ ಜೈಬುನ್ನೀಸಾ ಎಂಬವರದ್ದು. ಕಾಯಿಯಿಂದ ಚಿಪ್ಸ್ ಮಾಡುತ್ತಾರೆ, ಹಣ್ಣಿನಿಂದ ತಿರುಳು ತೆಗೆದು ಡಬ್ಬಿ ತುಂಬುತ್ತಾರೆ. ಕೊಯ್ದ ಮೇಲೆ ಅರೆಬರೆ ಎಂದು ಗೊತ್ತಾದರೆ ಎರಡಕ್ಕೂ ಉಪಯೋಗವಿಲ್ಲ, ತಿಪ್ಪೆಗೇ ಹೋಗಬೇಕು. ಹೋದ ತಿಂಗಳು ಮೊದಲ ಪರೀಕ್ಷೆಗೆ ನೂರು ಹಲಸು ಇಳಿಸಿದರು, ಎಲ್ಲ ತೂಬಗೆರೆ ಕಡೆಯವು. ಫೋನ್ ಹಣ್ಣು ಎಂದದ್ದನ್ನು ಕೊಯ್ದರೆ ಕಾಯಿ! ನೂರರಲ್ಲಿ ಇಪ್ಪತ್ತೆರಡು ತಪ್ಪು. ಜೈಬುನ್ನೀಸಾ ಕೂಗಾಡಲಿಲ್ಲ. ಮಚ್ಚು ಕೆಳಗಿಟ್ಟು, "ಕೊಯ್ದು ನೋಡಿ ಹೇಳೋದಾದ್ರೆ ನಾನೇ ಹೇಳ್ತೀನಲ್ಲ ಮೇಡಂ, ಅದಕ್ಯಾಕೆ ಮಿಷನ್ನು? ಎರಡು ವಾರ ಟೈಮ್ ಕೊಡ್ತೀನಿ. ಆಮೇಲೆ ನನ್ನನ್ನ ಬಿಟ್ಟುಬಿಡಿ" ಎಂದರು. ಆಶಾರಾಣಿ ವಾಪಸು ಬರುವ ದಾರಿಯಲ್ಲಿ, ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಕದಲದೆ ನಿಂತಾಗ ಅಳುವುದಕ್ಕೆ ಶುರು ಮಾಡಿದಳು. ಮೂರು ವರ್ಷದ ಕೆಲಸ, ಪಾಪ.

ಮಾರನೇ ದಿನದಿಂದ ತಪ್ಪು ಹುಡುಕುವ ಕೆಲಸ. ಹೋದ ವರ್ಷದ ಧ್ವನಿಮುದ್ರಣಗಳಲ್ಲಿ ನೀನು ಹೇಳಿದ್ದು ಒಂದು, ಮಿಷನ್ ಹೇಳಿದ್ದು ಇನ್ನೊಂದು ಆಗಿರುವ ಜಾಗಗಳನ್ನೆಲ್ಲ ಅವಳು ಪಟ್ಟಿ ಮಾಡಿದಳು. ಒಂದು ವಿಚಿತ್ರ ಕಂಡಿತು. ಜಗಳವೆಲ್ಲ ದಿನಾ ಬೆಳಗಿನ ಮೊದಲ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲೇ. ಆಮೇಲೆ ಇಬ್ಬರೂ ಒಂದೇ ಮಾತು. ಆಶಾರಾಣಿ ಇದು ಇಬ್ಬನಿಯ ಕೆಲಸ ಎಂದಳು. ಬೆಳಗಿನ ತಂಪಿಗೆ ಸಿಪ್ಪೆ ನೆನೆದು ಸದ್ದು ಬದಲಾಗುತ್ತದಂತೆ. ಹಲಸಿನ ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಥರ್ಮಾಮೀಟರ್ ಚುಚ್ಚಿ, ನಾಲ್ಕು ದಿನ ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು. ಏನೂ ಆಗಲಿಲ್ಲ.

ಐದನೇ ದಿನ ಆ ಪಟ್ಟಿಯನ್ನು ನಾನೂ ನೋಡಿದೆ. ನಿನ್ನ ಉತ್ತರಗಳ ಸಾಲು. ಹಣ್ಣು, ಹಣ್ಣು, ಹಣ್ಣು, ಹಣ್ಣು, ಆಮೇಲೆ ಕಾಯಿ. ಮಾರನೇ ದಿನ ಮತ್ತೆ ಹಣ್ಣು, ಹಣ್ಣು, ಹಣ್ಣು. ಅಮ್ಮಾ, ನನಗೆ ನಗು ತಡೆಯಲಾಗಲಿಲ್ಲ! "ಇದು ಇಬ್ಬನಿ ಅಲ್ಲ ಕಣೇ ಆಶಾ, ಬೋಣಿ!" ಎಂದು ಕಿರುಚಿದೆ.

ಬೋಣಿ ಅಂದರೆ ದಿನದ ಮೊದಲ ವ್ಯಾಪಾರ ಎಂದು ಅವಳಿಗೂ ಗೊತ್ತು. ನಿನ್ನ ವ್ರತ ಅವಳಿಗೆ ಗೊತ್ತಿಲ್ಲ. ಬೋಣಿ ಆಗುವವರೆಗೆ ನಿನ್ನ ಬಾಯಲ್ಲಿ "ಇಲ್ಲ", "ಬೇಡ", "ಕಾಯಿ" ಯಾವುದೂ ಬರುವುದಿಲ್ಲವಲ್ಲ, ಬಂದರೆ ಆ ದಿನದ ವ್ಯಾಪಾರವೇ ಕೆಡುತ್ತದೆ ಎಂದು. ಬೆಳಿಗ್ಗೆ ಮೊದಲ ಗಿರಾಕಿ ಹಣ್ಣಾಗಿದೆಯಾ ಎಂದರೆ "ಅಣ್ಣೇ ಕಣಪ್ಪ, ಎಲ್ಡು ದಿನ ಬುಟ್ಟು ಕುಯ್ಯಿ" ಅನ್ನುತ್ತೀಯ. ಅದು ಸುಳ್ಳೂ ಅಲ್ಲ, ಇಲ್ಲ ಅಂದ ಹಾಗೂ ಅಲ್ಲ. ಆಶಾರಾಣಿಯ ಫೋನಿಗೆ ಬರೀ "ಅಣ್ಣು" ಎಂದು ಸುಮ್ಮನಾಗಿದ್ದೀಯ. ಎರಡು ದಿನ ಬಿಡಬೇಕೆಂದು ಪಾಪ ಮಿಷನ್ನಿಗೆ ಹೇಗೆ ಗೊತ್ತಾಗಬೇಕು? ಚಿಕ್ಕವಳಿದ್ದಾಗ ಸ್ಕೂಲ್ ಟೂರಿಗೆ ಹೋಗಲಾ, ಹೊಸ ಚಪ್ಪಲಿ ಕೊಡಿಸುತ್ತೀಯಾ ಎಂದು ನಾನು ಕೇಳುತ್ತಿದ್ದದ್ದೆಲ್ಲ ಬೋಣಿಗೆ ಮುಂಚೆಯೇ. ನಿನಗೆ ನನ್ನ ಉಪಾಯ ತಿಳಿದಿತ್ತು ಅಂತ ನನಗೂ ಗೊತ್ತಿತ್ತು.

"ಮೇಡಂ, ಇದೆಲ್ಲ ನಿಮ್ಗೆ ಹೇಗ್ ಗೊತ್ತು?" ಎಂದಳು ಆಶಾರಾಣಿ. ಚನ್ನಕೇಶವ ಸಾರ್ ಕೂಡ ಬಾಗಿಲಲ್ಲೇ ನಿಂತಿದ್ದರು. ನಾನು ಯೋಚನೆಯನ್ನೂ ಮಾಡಲಿಲ್ಲ. "ಅವ್ರು ನಮ್ಮಮ್ಮ" ಎಂದುಬಿಟ್ಟೆ. ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದ ಮಾತು ಎಷ್ಟು ಸಲೀಸಾಗಿ ಬಂತು ಗೊತ್ತೇನಮ್ಮ! ಸಾರ್ ಬೈದರು. ಮೊದಲ ದಿನವೇ ಬರೆದುಕೊಡಬೇಕಿತ್ತು ಎಂದು ಚೆನ್ನಾಗಿಯೇ ಬೈದು, ನಿನ್ನ ಪಾಲಿನ ಮಾತುಕತೆಯನ್ನು ನನ್ನ ಕೈಯಿಂದ ತೆಗೆದು ತಾವೇ ವಹಿಸಿಕೊಂಡರು. ಆಮೇಲೆ ಹೋಗುತ್ತಾ, "ಅಲ್ಲಮ್ಮ, ಇಂಥಾ ಅಮ್ಮನ್ನ ಯಾರಾದ್ರೂ ಮುಚ್ಚಿಡ್ತಾರಾ?" ಎಂದರು. ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು.

ಇನ್ನು ಬೋಣಿಗೆ ಮುಂಚಿನ ಉತ್ತರಗಳನ್ನೆಲ್ಲ ತೆಗೆದುಹಾಕಬೇಕು. ಆದರೆ ಯಾವ ದಿನ ಎಷ್ಟು ಹೊತ್ತಿಗೆ ಬೋಣಿ ಆಯಿತು ಎಂದು ಹೇಗೆ ತಿಳಿಯುವುದು? ಅದಕ್ಕೂ ನೀನೇ ದಾರಿ ಇಟ್ಟಿದ್ದೆ. ಮೊದಲ ನೋಟು ಕೈಗೆ ಬಂದಾಗ ಕಣ್ಣಿಗೊತ್ತಿಕೊಂಡು "ಸ್ವಾಮಿ ಮುನೇಶ್ವರಾ" ಅನ್ನುತ್ತೀಯಲ್ಲ, ಅದು ಧ್ವನಿಮುದ್ರಣದಲ್ಲಿ ಗಂಟೆ ಹೊಡೆದ ಹಾಗೆ ಕೇಳುತ್ತದೆ! ಮುನೇಶ್ವರನ ಹೆಸರು ಬಂದಲ್ಲಿಗೆ ಕತ್ತರಿ. ಅದಕ್ಕಿಂತ ಮುಂಚಿನದೆಲ್ಲ ಆಚೆ, ಆಮೇಲಿನದೆಲ್ಲ ಒಳಗೆ. ನಲವತ್ತು ದಿನಗಳಲ್ಲಿ ಹೀಗೆ ಸಿಕ್ಕಿತು. ಒಂದೇ ಒಂದು ದಿನದ್ದರಲ್ಲಿ ಸಿಗಲಿಲ್ಲ, ಹೋಗಲಿ ಎಂದು ಆ ದಿನವನ್ನು ಪೂರ್ತಿ ಬಿಟ್ಟೆವು.

ಆಶಾರಾಣಿ ಮಿಷನ್ನಿಗೆ ಮತ್ತೆ ಮೊದಲಿಂದ ಪಾಠ ಹೇಳಿದಳು. ಶುಕ್ರವಾರ ಗೋಡೌನಿನಲ್ಲಿ ಮತ್ತೆ ನೂರು ಹಲಸು. ನಾನೂ ಸೆರಗು ಸಿಕ್ಕಿಸಿ, ಕೈಗೆ ಎಣ್ಣೆ ಸವರಿಕೊಂಡು ಕೊಯ್ಯುವುದಕ್ಕೆ ನಿಂತೆ. ನಾನು ಮಚ್ಚು ಹಿಡಿದ ರೀತಿ ನೋಡಿ ಜೈಬುನ್ನೀಸಾ "ಅರೆ, ನೀವು ಅಂಗಡಿ ಮನೆಯವ್ರೇ!" ಎಂದರು. ಹೌದು ಎಂದೆ. ಐವತ್ತಾಯಿತು, ಎಪ್ಪತ್ತಾಯಿತು. ಕೊನೆಗೆ ನೂರಕ್ಕೆ ತೊಂಬತ್ತಾರು ಸರಿ! ಆಗಲೇ ನಾನು ಕುಣಿದದ್ದು. ಆಶಾರಾಣಿ ಮತ್ತೆ ಅತ್ತಳು, ಈ ಸಲ ಬಾಯ್ತುಂಬ ತೊಳೆ ಇಟ್ಟುಕೊಂಡು.

ಒಪ್ಪಂದದಲ್ಲಿ ಏನಿದೆ ಎಂದು ಸಾರ್ ನಿನ್ನೆದುರೇ ಓದಿ ಹೇಳುತ್ತಾರೆ, ಆದರೂ ಎರಡು ಮಾತು. ಕಂಪನಿ ಇದನ್ನು ಬಳಸಬಹುದು, ಮಾರಬಹುದು. ನಿನ್ನ ಹಾಗೆ ರಸ್ತೆ ಬದಿಯಲ್ಲಿ ಮಾರುವವರಿಗೆ ಪುಕ್ಕಟೆ. ತಟ್ಟಿದ ಸದ್ದುಗಳನ್ನು, ಅವುಗಳಲ್ಲಿರುವ ಮಾತುಗಳನ್ನೆಲ್ಲ ಕತ್ತರಿಸಿ, ಯಾವ ಊರಿನ ಸಂಶೋಧಕರು ಬೇಕಾದರೂ ಬಳಸುವಂತೆ ಹಂಚುತ್ತಾರೆ. ಬರುವುದರಲ್ಲಿ ನಿನಗೂ ಪಾಲಿದೆ. "ವ್ಯಾಪಾರಿ ೧" ಎಂದಿದ್ದ ಕಡೆ ಈಗ "ಸೊಣ್ಣಮ್ಮ, ಹಲಸಿನ ಹದ ಬಲ್ಲವರು, ಬ್ಯಾಟರಾಯನಪುರ" ಎಂದಿದೆ. ಆಶಾರಾಣಿಯ ಹೆಸರಿನ ಪಕ್ಕದಲ್ಲೇ ಇದೆ. ಬರೆಸಿದ್ದು ನಾನಲ್ಲ, ಅವಳೇ. ನಾನು ಮೂರು ಸಲ ಓದಿದೆ ಅಷ್ಟೇ.

ಸಹಿಯನ್ನು ಅಂಗಡಿಯಲ್ಲೇ ಹಾಕಿಸಿಕೊಳ್ಳಬಹುದು, ಅದೇನೂ ತೊಂದರೆಯಿಲ್ಲ ಎಂದು ಸಾರ್ ಹೇಳಿದರು. ಬೇಡ, ನೀನು ಬಾ. ಹೋದ ವರ್ಷ ನಾನು ಸಾರ್ ಜೊತೆ ನಿನ್ನ ಅಂಗಡಿಗೆ ಬಂದಿದ್ದೆನಲ್ಲ, ಕಾರಿನ ಪಕ್ಕದಲ್ಲೇ ನಿಂತು ಫೋನ್ ಕಿವಿಗೆ ಹಿಡಿದುಕೊಂಡಿದ್ದೆನಲ್ಲ, ಆ ಫೋನಿನಲ್ಲಿ ಯಾರೂ ಇರಲಿಲ್ಲ. ನಿನಗೆ ಅದು ಗೊತ್ತಿತ್ತು. ಸಂಜೆ ತಮ್ಮ ಸುರೇಶನ ಕೈಯಲ್ಲಿ ಡಬ್ಬಿ ತುಂಬ ತೊಳೆ ಕಳಿಸಿದೆ, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ತಪ್ಪಾಯಿತಮ್ಮ. ಬುಧವಾರ ನಿನ್ನ ಕೈ ಹಿಡಿದು ಗೇಟಿನಿಂದ ಒಳಗೆ ಕರೆದುಕೊಂಡು ಹೋಗಿ, ಕಾವಲಿನವರಿಂದ ಹಿಡಿದು ಕುಲಪತಿಗಳವರೆಗೆ ಎಲ್ಲರಿಗೂ ಇವರು ನನ್ನಮ್ಮ ಎಂದು ನಾನು ಹೇಳಬೇಕು. ಆ ಹಸಿರು ಸೀರೆ ಉಟ್ಟುಕೋ. ಜೈಬುನ್ನೀಸಾ ಬೇರೆ ಹತ್ತು ಹಲಸು ತಂದು ನಿನಗೂ ಮಿಷನ್ನಿಗೂ ಪಂದ್ಯ ಇಡಿಸುತ್ತಾರಂತೆ. ನನ್ನ ಓಟು ಯಾರಿಗೆಂದು ಹೇಳಬೇಕೇ?

ತಮ್ಮನಿಗೆ ಒಂದು ಮಾತು ಹೇಳಿ ಕಳಿಸುತ್ತಿದ್ದೇನೆ. ಈ ಕಾಗದವನ್ನು ನಾಳೆ ಬೆಳಿಗ್ಗೆ, ಬೋಣಿ ಆಗುವ ಮುಂಚೆಯೇ ನಿನ್ನ ಕೈಗೆ ಕೊಟ್ಟು, ಅಲ್ಲೇ ನಿಂತು "ಬರ್ತೀಯಾ?" ಎಂದು ಕೇಳಬೇಕೆಂದು. ನೋಡೋಣ, ಏನಂತೀಯ!

ನಿನ್ನ ಉತ್ತರಕ್ಕೆ ಬಾಗಿಲಲ್ಲೇ ಕಾದಿರುವ,
ಸೊಣ್ಣಮ್ಮನ ಮಗಳು
ರಾಧಾಮಣಿ

ತಾಜಾ ಕಲಂ: ಕುಣಿದೆ ಎಂದು ಬರೆದು ಮುಗಿಸೋಣ ಅಂತಿದ್ದೆ, ಆಗುತ್ತಿಲ್ಲ. ಮುನೇಶ್ವರನ ಹೆಸರು ಸಿಗದ ಒಂದು ದಿನವಿತ್ತು ಎಂದೆನಲ್ಲ, ಅದನ್ನು ನಿನ್ನೆ ಪೂರ್ತಿ ಕೇಳಿದೆ. ತಾರೀಖು ಹೋದ ವರ್ಷದ ೧೪ ಜೂನ್, ನಾನು ಕಾರಿನ ಪಕ್ಕ ನಿಂತಿದ್ದ ದಿನ. ಬೆಳಿಗ್ಗೆ ಏಳೂ ಕಾಲು, ಇನ್ನೂ ಒಬ್ಬ ಗಿರಾಕಿಯೂ ಬಂದಿಲ್ಲ. ಆಶಾರಾಣಿ ನಗುತ್ತಾ, "ನಮ್ ಆಫೀಸ್ ಮೇಡಂ ನಿಮ್ಮನ್ನೇ ನೋಡ್ತಿದಾರೆ, ಗೊತ್ತಾ ನಿಮ್ಗೆ ಅವ್ರು?" ಎಂದು ಕೇಳುತ್ತಾಳೆ. ನೀನು ಇನ್ನೊಂದು ಹಲಸು ತಟ್ಟುತ್ತೀಯ. ಆಮೇಲೆ "ಇಲ್ಲ ಕಣವ್ವ" ಅನ್ನುತ್ತೀಯ. ಅಲ್ಲಿಂದ ಮುಂದೆ ಒಂದು ಗಂಟೆಯ ಮೇಲೆ ಧ್ವನಿಮುದ್ರಣವಿದೆ. ತಟ್ಟುವ ಸದ್ದಿದೆ, ಬಸ್ಸಿನ ಸದ್ದಿದೆ, ಮುನೇಶ್ವರನ ಹೆಸರಿಲ್ಲ. ಆ ದಿನ ನಿನಗೆ ಬೋಣಿ ಆಯಿತೇನಮ್ಮ?